ಕೋಳಿಯ ಎದೆ ಬಿಳಿ, ಕಾಲು ಕೆಂಪು: ಇದರಲ್ಲಿ ಸ್ಪ್ಲೈಸಿಂಗ್‌ನ ಪಾಲೆಷ್ಟು?

ಪ್ರಶ್ನೆ: ಉಡುಪಿ ಹತ್ತಿರ ನನ್ನದೊಂದು ಕೋಳಿ ಅಂಗಡಿ ಇದೆ. ಮಗಳು ಬಿಎಸ್ಸಿ ಓದುತ್ತಿದ್ದಾಳೆ. ಒಂದೇ ಜೀನಿನಿಂದ ಬೇರೆ ಬೇರೆ ಪ್ರೋಟೀನ್ ಆಗುತ್ತದೆ, ಅದಕ್ಕೆ ಆಲ್ಟರ್ನೇಟಿವ್ ಸ್ಪ್ಲೈಸಿಂಗ್ ಅಂತ ಹೆಸರು, ಕೋಳಿಯ ಸ್ನಾಯುವಿನಲ್ಲೂ ಇದು ನಡೆಯುತ್ತದೆ ಎಂದಳು. ಎದೆ ಮಾಂಸ ಬಿಳಿ, ಕಾಲು ಕೆಂಪು ಇರುವುದು ಇದರಿಂದಲೇ? ಹಾಗಾದರೆ ಪಾರಿವಾಳದ ಎದೆ ಯಾಕೆ ಕೆಂಪು? ಊರ ಕೋಳಿಗೂ ಬ್ರಾಯ್ಲರ್‌ಗೂ ಇರುವ ವ್ಯತ್ಯಾಸ ಇದೇನಾ? ಮಗಳ ಪ್ರಾಜೆಕ್ಟ್‌ಗೆ ಈ ವಿಷಯ ಆಗಬಹುದಾ?

ಉತ್ತರ: ಮೊದಲು ಬಣ್ಣದ ವಿಷಯ ಮುಗಿಸಿಬಿಡುತ್ತೇನೆ. ಎದೆ ಬಿಳಿ, ಕಾಲು ಕೆಂಪು ಆಗಲು ಸ್ಪ್ಲೈಸಿಂಗ್ ಕಾರಣ ಅಲ್ಲ. ಕೆಂಪು ಬರುವುದು ಮುಖ್ಯವಾಗಿ ಮಯೋಗ್ಲೋಬಿನ್ ಎಂಬ ಪ್ರೋಟೀನಿನಿಂದ. ಅದು ಸ್ನಾಯುವಿನೊಳಗೆ ಆಮ್ಲಜನಕ ಹಿಡಿದಿಡುತ್ತದೆ, ಅದರಲ್ಲಿ ಕಬ್ಬಿಣ ಇರುತ್ತದೆ. ದಿನವಿಡೀ ಕೆದಕಿ ತಿರುಗುವ ಕೋಳಿಗೆ ಕಾಲಿನಲ್ಲಿ ನಿಧಾನಕ್ಕೆ, ಬಹಳ ಹೊತ್ತು ಕೆಲಸ ಮಾಡುವ ಎಳೆಗಳು ಬೇಕು. ಅಲ್ಲಿ ಮಯೋಗ್ಲೋಬಿನ್ ಜಾಸ್ತಿ, ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾ ಜಾಸ್ತಿ. ಎದೆಯ ಕೆಲಸ ಬೇರೆ. ನಾಯಿ ಬಂದಾಗ ಒಂದೇ ಸಲ ರೆಕ್ಕೆ ಬಡಿದು ಗೋಡೆ ಹತ್ತಿದರೆ ಮುಗಿಯಿತು. ಅದಕ್ಕೆ ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆಯಾದ ಗ್ಲೈಕೋಜನ್ ಉರಿಸಿ ಕೆಲವೇ ಕ್ಷಣ ಜೋರಾಗಿ ಎಳೆಯುವ ಎಳೆಗಳು ಸಾಕು.

ಪಾರಿವಾಳ ಗಂಟೆಗಟ್ಟಲೆ ಹಾರುತ್ತದೆ. ಅದರ ಎದೆಯಲ್ಲಿ ಬಹುಪಾಲು ಕೆಂಪು ಎಳೆಗಳು, ನಡುವೆ ಸ್ವಲ್ಪ ಬಿಳಿ ಎಳೆಗಳು. ಇದನ್ನು 1950ರ ದಶಕದಲ್ಲಿ ನಮ್ಮ ದೇಶದಲ್ಲೇ, ಬರೋಡಾದಲ್ಲಿ, ಜೆ. ಸಿ. ಜಾರ್ಜ್ ಮತ್ತು ಅವರ ಜೊತೆಗಾರರು ಚೆನ್ನಾಗಿ ಅಧ್ಯಯನ ಮಾಡಿದ್ದರು. ಬಾತುಕೋಳಿಯ ಎದೆ ಕೆಂಪಾಗಿರುವುದಕ್ಕೂ ಕಾರಣ ಇದೇ. ಇಷ್ಟೂ ಕಥೆ ಯಾವ ಜೀನ್ ಎಲ್ಲಿ ಎಷ್ಟು ಕೆಲಸ ಮಾಡುತ್ತದೆ ಎಂಬುದರದ್ದು. ಜೀನಿನ ಪ್ರತಿಯನ್ನು ಕತ್ತರಿಸಿ ಜೋಡಿಸುವ ಮಾತು ಇಲ್ಲಿಲ್ಲ.

ಹಾಗಂತ ನಿಮ್ಮ ಮಗಳು ಹೇಳಿದ್ದು ಸುಳ್ಳಲ್ಲ. ನೀವು ದಿನಾ ಹೋಳು ಮಾಡುವ ಆ ಬಿಳಿ ಎದೆಯಲ್ಲಿ ಸ್ಪ್ಲೈಸಿಂಗ್ ಒಂದು ವಿಚಿತ್ರ ಕೆಲಸ ಮಾಡಿದೆ. ಅದು ಕಣ್ಣಿಗೆ ಕಾಣುವಂಥದ್ದಲ್ಲ, ನಾಲಿಗೆಗೆ ಗೊತ್ತಾಗುವಂಥದ್ದೂ ಅಲ್ಲ. ಆದರೆ ಕೋಳಿ ಬಳಗ ಬಿಟ್ಟು ಬೇರೆ ಕಡೆ ಅದು ಸಿಕ್ಕಿಲ್ಲ.

ಮೊದಲು ಸ್ಪ್ಲೈಸಿಂಗ್ ಅಂದರೆ ಎಂತ ಎಂದು ನೋಡೋಣ. ಜೀನ್ ಅಂದರೆ ಪ್ರೋಟೀನ್ ಮಾಡುವ ಬರಹ, ಅದು ಡಿಎನ್‌ಎಯಲ್ಲಿ ಇರುತ್ತದೆ. ಈ ಬರಹ ಒಂದೇ ಉಸಿರಿನಲ್ಲಿ ಇಲ್ಲ, ತುಂಡು ತುಂಡಾಗಿದೆ ಎಂದು ಗೊತ್ತಾದದ್ದು 1977ರಲ್ಲಿ. ಫಿಲಿಪ್ ಶಾರ್ಪ್ ಮತ್ತು ರಿಚರ್ಡ್ ರಾಬರ್ಟ್ಸ್ ಇದನ್ನು ಒಂದು ವೈರಸ್‌ನಲ್ಲಿ ಕಂಡರು, 1993ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅದೇ 1977ರಲ್ಲಿ ಫ್ರಾನ್ಸಿನ ಪಿಯರ್ ಶಾಂಬೋನ್ ಅವರ ತಂಡ ಕೋಳಿಯ ಜೀನಿನಲ್ಲೂ ಇದನ್ನು ತೋರಿಸಿತು. ಅವರು ನೋಡಿದ್ದು ಮೊಟ್ಟೆಯ ಬಿಳಿಭಾಗದ ಮುಖ್ಯ ಪ್ರೋಟೀನಾದ ಓವಾಲ್ಬುಮಿನ್‌ನ ಜೀನು. ಅದರ ಉದ್ದ ಸುಮಾರು 7,700 ಅಕ್ಷರ. ಆದರೆ ಪ್ರೋಟೀನ್ ಮಾಡಲು ಹೋಗುವ ಜೀನಿನ ಪ್ರತಿಯಲ್ಲಿ, ಅಂದರೆ ಆರ್‌ಎನ್‌ಎಯಲ್ಲಿ, ಉಳಿಯುವುದು ಸುಮಾರು 1,870 ಮಾತ್ರ. ಉಳಿದದ್ದೆಲ್ಲ ನಡುವೆ ಸೇರಿಕೊಂಡ ತುಂಡುಗಳು, ಅವನ್ನು ಕತ್ತರಿಸಿ ತೆಗೆಯಲಾಗುತ್ತದೆ. ಉಳಿಯುವ ತುಂಡಿಗೆ ಎಕ್ಸಾನ್, ತೆಗೆದು ಹಾಕುವ ತುಂಡಿಗೆ ಇಂಟ್ರಾನ್ ಎಂದು 1978ರಲ್ಲಿ ವಾಲ್ಟರ್ ಗಿಲ್ಬರ್ಟ್ ಹೆಸರಿಟ್ಟರು. ನೊಬೆಲ್ ವೈರಸ್‌ನ ಪಾಲಾಯಿತು, ಕೋಳಿಮೊಟ್ಟೆಯ ಹೆಸರು ಯಾರೂ ಎತ್ತುವುದಿಲ್ಲ. ನನಗಂತೂ ಪಾಠ ಮಾಡುವಾಗ ಮೊಟ್ಟೆಯೇ ಇಷ್ಟ.

ಡಿಎನ್‌ಎಯಿಂದ ಮೊದಲು ಇಡೀ ಉದ್ದದ ಆರ್‌ಎನ್‌ಎ ಪ್ರತಿ ತಯಾರಾಗುತ್ತದೆ. ಸ್ಪ್ಲೈಸಿಯೋಸೋಮ್ ಎಂಬ ದೊಡ್ಡ ಯಂತ್ರ ಅದರ ಮೇಲೆ ಕೂತು ಇಂಟ್ರಾನ್‌ಗಳನ್ನು ಕತ್ತರಿಸಿ, ಎಕ್ಸಾನ್‌ಗಳನ್ನು ಜೋಡಿಸುತ್ತದೆ. ಇಂಟ್ರಾನ್ ಎಲ್ಲಿ ಶುರು, ಎಲ್ಲಿ ಮುಗಿತಾಯ ಎಂಬುದಕ್ಕೆ ಎರಡೂ ತುದಿಯಲ್ಲಿ ಗುರುತು ಇರುತ್ತದೆ. ಕೆಲವು ಎಕ್ಸಾನ್‌ಗಳ ಗುರುತು ಗಟ್ಟಿ, ಯಂತ್ರ ಅವನ್ನು ಬಿಡುವುದೇ ಇಲ್ಲ. ಕೆಲವುಗಳ ಗುರುತು ದುರ್ಬಲ. ಅಂಥ ಎಕ್ಸಾನ್ ಒಳಗೆ ಬರುತ್ತದೋ ಹೊರಗೆ ಉಳಿಯುತ್ತದೋ ಎಂಬುದು ಆ ಜೀವಕೋಶದಲ್ಲಿ ಯಾವ ನಿಯಂತ್ರಕ ಪ್ರೋಟೀನ್‌ಗಳು ಎಷ್ಟಿವೆ ಎಂಬುದರ ಮೇಲೆ ನಿಂತಿದೆ. ಕೆಲವು ನಿಯಂತ್ರಕಗಳು ಎಕ್ಸಾನ್ ಪಕ್ಕ ಕೂತು ಯಂತ್ರವನ್ನು ಕರೆಯುತ್ತವೆ, ಕೆಲವು ದಾರಿಗೆ ಅಡ್ಡ ನಿಲ್ಲುತ್ತವೆ.

ನಮ್ಮ ಕಡೆಯವರಿಗೆ ಇದನ್ನು ಹೇಳುವುದು ಸುಲಭ. ಯಕ್ಷಗಾನದ ಪ್ರಸಂಗ ಪುಸ್ತಕದಲ್ಲಿ ಪದ್ಯಗಳೆಲ್ಲ ಇರುತ್ತವೆ. ಬೆಳಗಿನವರೆಗಿನ ಆಟಕ್ಕೆ ಭಾಗವತರು ಹೆಚ್ಚು ಪದ್ಯ ಎತ್ತಿಕೊಳ್ಳುತ್ತಾರೆ, ಕಾಲಮಿತಿ ಆಟಕ್ಕೆ ಒಂದಷ್ಟು ಬಿಡುತ್ತಾರೆ. ಪುಸ್ತಕ ಅದೇ, ಪದ್ಯಗಳ ಕ್ರಮವೂ ಅದೇ. ರಂಗಸ್ಥಳದಲ್ಲಿ ನಡೆದ ಆಟ ಮಾತ್ರ ಬೇರೆ. ಎದೆಯ ಜೀವಕೋಶದಲ್ಲೂ ಕಾಲಿನ ಜೀವಕೋಶದಲ್ಲೂ ಇರುವುದು ಒಂದೇ ಡಿಎನ್‌ಎ, ಆದರೆ ಆರ್‌ಎನ್‌ಎಯಲ್ಲಿ ಉಳಿಸಿಕೊಂಡ ಎಕ್ಸಾನ್‌ಗಳು ಬೇರೆ ಬೇರೆ.

ಈಗ ಸ್ನಾಯುವಿನೊಳಗೆ ಹೋಗೋಣ. ಸ್ನಾಯು ಎಳೆಯುವ ಕೆಲಸ ಮಾಡುವುದು ಎರಡು ಬಗೆಯ ತಂತುಗಳು. ದಪ್ಪದ್ದು ಮಯೋಸಿನ್, ತೆಳುವಾದದ್ದು ಆಕ್ಟಿನ್. ಮಯೋಸಿನ್ ಆಕ್ಟಿನ್ನನ್ನು ಹಿಡಿದು ಜಗ್ಗುತ್ತದೆ. ಯಾವಾಗಲೂ ಜಗ್ಗುತ್ತಲೇ ಇದ್ದರೆ ಸ್ನಾಯು ಸೆಟೆದು ನಿಲ್ಲುತ್ತದೆ. ಹಾಗಾಗಿ ಆಕ್ಟಿನ್ ಮೇಲೆ ಉದ್ದಕ್ಕೆ ಟ್ರೋಪೊಮಯೋಸಿನ್ ಎಂಬ ಪ್ರೋಟೀನ್ ಮಲಗಿಕೊಂಡು, ಮಯೋಸಿನ್ ಹಿಡಿಯುವ ಜಾಗವನ್ನು ಮುಚ್ಚಿರುತ್ತದೆ. ಅದನ್ನು ಸರಿಸುವುದು ಟ್ರೋಪೊನಿನ್. ಇದರಲ್ಲಿ ಮೂರು ಭಾಗ: ಕ್ಯಾಲ್ಸಿಯಂ ಹಿಡಿಯುವ ಟ್ರೋಪೊನಿನ್ ಸಿ, ತಡೆ ಹಾಕುವ ಟ್ರೋಪೊನಿನ್ ಐ, ಇವೆರಡನ್ನೂ ಟ್ರೋಪೊಮಯೋಸಿನ್‌ಗೆ ಕಟ್ಟಿಹಾಕುವ ಟ್ರೋಪೊನಿನ್ ಟಿ. ನರದಿಂದ ಸಂದೇಶ ಬಂದಾಗ ಕ್ಯಾಲ್ಸಿಯಂ ಬಿಡುಗಡೆಯಾಗುತ್ತದೆ, ಸಿ ಅದನ್ನು ಹಿಡಿಯುತ್ತದೆ, ಇಡೀ ಜೋಡಣೆ ಸ್ವಲ್ಪ ಸರಿಯುತ್ತದೆ, ಮಯೋಸಿನ್‌ಗೆ ಜಾಗ ತೆರೆದುಕೊಳ್ಳುತ್ತದೆ.

ಎದೆನೋವು ಬಂದವರಿಗೆ ಆಸ್ಪತ್ರೆಯಲ್ಲಿ ಮಾಡುವ ಟ್ರೋಪೊನಿನ್ ಟೆಸ್ಟ್ ಕೇಳಿರುತ್ತೀರಿ ಅಲ್ವಾ? ಅದು ಇದೇ ಪ್ರೋಟೀನ್ ಕುಟುಂಬ. ಹೃದಯದ ಸ್ನಾಯು ಹಾಳಾದಾಗ ಅಲ್ಲಿನ ಟ್ರೋಪೊನಿನ್ ರಕ್ತಕ್ಕೆ ಸೋರುತ್ತದೆ. ಟ್ರೋಪೊನಿನ್ ಟಿಗೆ ಮೂರು ಜೀನ್‌ಗಳಿವೆ. ಒಂದು ಹೃದಯದ್ದು, ಒಂದು ನಿಧಾನ ಸ್ನಾಯುವಿನದ್ದು, ಒಂದು ವೇಗದ ಸ್ನಾಯುವಿನದ್ದು. ನಮ್ಮ ಕಥೆಗೆ ಮುಖ್ಯವಾದದ್ದು ಮೂರನೆಯದು.

ಈ ವೇಗದ ಟ್ರೋಪೊನಿನ್ ಟಿ ಸ್ಪ್ಲೈಸಿಂಗ್‌ನ ದೊಡ್ಡ ಆಟಗಾರ. 1985ರಲ್ಲಿ ಇಲಿಯ ಜೀನನ್ನು ಬಿಚ್ಚಿ ನೋಡಿದಾಗ, ಅದರ ಒಂದು ತುದಿಯಲ್ಲಿ ಐದು ಪುಟ್ಟ ಎಕ್ಸಾನ್‌ಗಳು ಕಂಡವು. ಪ್ರತಿಯೊಂದೂ ಸ್ವತಂತ್ರವಾಗಿ ಒಳಗೆ ಬರಬಹುದು, ಬಾರದೇ ಇರಬಹುದು. ಅಲ್ಲಿಗೆ 32 ಸಾಧ್ಯತೆ. ಇನ್ನೊಂದು ತುದಿಯಲ್ಲಿ ಎರಡು ಎಕ್ಸಾನ್‌ಗಳಿವೆ, ಅವುಗಳಲ್ಲಿ ಯಾವುದಾದರೂ ಒಂದನ್ನೇ ಆರಿಸಬೇಕು. ಒಟ್ಟು 64. ಒಂದೇ ಜೀನು, 64 ಬಗೆಯ ಆರ್‌ಎನ್‌ಎಗೆ ಅವಕಾಶ. ಅವಕಾಶ ಇದೆ ಎಂದ ಮಾತ್ರಕ್ಕೆ ಅಷ್ಟೂ ಒಂದೇ ಸ್ನಾಯುವಿನಲ್ಲಿ ತುಂಬಿರುತ್ತವೆ ಎಂದಲ್ಲ. ಪ್ರತಿ ಸ್ನಾಯು ತನಗೆ ಬೇಕಾದ ಕೆಲವನ್ನು ಮಾತ್ರ ಹೆಚ್ಚಾಗಿ ಮಾಡಿಕೊಳ್ಳುತ್ತದೆ.

ಕೋಳಿಯಲ್ಲಿ ಈ ಆಟ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಕಾಲಿನಲ್ಲೂ ಎದೆಯಲ್ಲೂ ವೇಗದ ಟ್ರೋಪೊನಿನ್ ಟಿ ಇದೆ, ಬರುವುದು ಅದೇ ಜೀನಿನಿಂದ. ಆದರೆ ಎದೆಯದ್ದು ಸ್ವಲ್ಪ ದೊಡ್ಡದು. ಆ ಹೆಚ್ಚುವರಿ ಭಾಗ ಬಂದದ್ದು ಪಿ ಎಕ್ಸಾನ್ ಎಂದು ಕರೆಯುವ, ಸಾಲಾಗಿ ಕೂತ ಪುಟ್ಟ ಎಕ್ಸಾನ್‌ಗಳಿಂದ. ಕಾಲಿನ ಸ್ನಾಯು ಅವನ್ನು ಬಿಟ್ಟುಬಿಡುತ್ತದೆ, ದೊಡ್ಡ ಕೋಳಿಯ ಎದೆ ಸ್ನಾಯು ಸೇರಿಸಿಕೊಳ್ಳುತ್ತದೆ. ಅವುಗಳಿಂದ ಬರುವ ಭಾಗದಲ್ಲಿ ಐದು ಅಮಿನೊ ಆಮ್ಲಗಳ (ಪ್ರೋಟೀನ್ ಕಟ್ಟುವ ಇಟ್ಟಿಗೆಗಳ) ಒಂದು ಮಾದರಿ ಮತ್ತೆ ಮತ್ತೆ ಬರುತ್ತದೆ: ಹಿಸ್ಟಿಡಿನ್, ಎರಡು ಗ್ಲುಟಮಿಕ್ ಆಮ್ಲ, ಅಲನೈನ್, ಮತ್ತೆ ಹಿಸ್ಟಿಡಿನ್. ಕೆಲವು ಕಡೆ ಒಂದು ಗ್ಲುಟಮಿಕ್ ಆಮ್ಲದ ಜಾಗದಲ್ಲಿ ಅಲನೈನ್ ಇರುತ್ತದೆ. ಹಿಸ್ಟಿಡಿನ್ ಜೋಡಿಯಾಗಿ ಕೂತ ಕಡೆ ಲೋಹದ ಅಯಾನುಗಳು ಅಂಟಿಕೊಳ್ಳುತ್ತವೆ. ತಾಮ್ರ, ಸತು, ನಿಕ್ಕಲ್, ಕೋಬಾಲ್ಟ್ ಇವನ್ನೆಲ್ಲ ಈ ಭಾಗ ಹಿಡಿಯುತ್ತದೆ. ಸ್ನಾಯುವಿನ ಪ್ರೋಟೀನಿಗೆ ಲೋಹ ಹಿಡಿಯುವ ಬಾಲ ಯಾಕೆ ಬೇಕಿತ್ತು ಮಾರಾಯ್ರೆ ಎಂದು ಯಾರಿಗಾದರೂ ಅನ್ನಿಸುತ್ತದೆ.

1994ರಲ್ಲಿ ಜಿಯಾನ್-ಪಿಂಗ್ ಜಿನ್ ಮತ್ತು ಲಾರೆನ್ಸ್ ಸ್ಮಿಲ್ಲಿ ಈ ಭಾಗ ಯಾವ ಯಾವ ಹಕ್ಕಿಗಳಲ್ಲಿ ಇದೆ ಎಂದು ಹುಡುಕಿದರು. ಸಿಕ್ಕಿದ್ದು ಗ್ಯಾಲಿಫಾರ್ಮಿಸ್, ಅಂದರೆ ಕೋಳಿ, ಟರ್ಕಿ ಇವೆಲ್ಲ ಸೇರಿದ ಗಣದಲ್ಲಿ, ಮತ್ತೆ ಅದರ ಹತ್ತಿರದ ನೆಂಟರಾದ ಕ್ರಾಸಿಫಾರ್ಮಿಸ್‌ನಲ್ಲಿ. ಅದೂ ಎದೆಯಲ್ಲಿ ಮಾತ್ರ. ಅವರು ನೋಡಿದ ಬೇರೆ ಗಣಗಳ ಹಕ್ಕಿಗಳಲ್ಲಿ ಇರಲಿಲ್ಲ. ಆ ಹಕ್ಕಿಗಳೂ ಚೆನ್ನಾಗಿಯೇ ಹಾರುತ್ತವೆ. ಹಾಗಾಗಿ ಹಾರಲು ಇದು ಬೇಕೇ ಬೇಕು ಎನ್ನುವ ಹಾಗಿಲ್ಲ.

ಹಾಗಾದರೆ ಉಪಯೋಗ? ಒಂದು ಸುಳಿವು 1998ರಲ್ಲಿ ಓಗುಟ್ ಮತ್ತು ಜಿನ್ ಪ್ರಕಟಿಸಿದ ಕೆಲಸದಲ್ಲಿದೆ. ಗ್ಲುಟಮಿಕ್ ಆಮ್ಲ ತುಂಬಿರುವುದರಿಂದ ಎದೆಯ ಟ್ರೋಪೊನಿನ್ ಟಿ ಹೆಚ್ಚು ಆಮ್ಲೀಯ. ಸ್ನಾಯು ಜೋರಾಗಿ ದುಡಿದಾಗ ಒಳಗೆ ಆಮ್ಲ ಏರುತ್ತದೆ, ಆಗ ಎಳೆಯುವ ಶಕ್ತಿ ಕುಗ್ಗುತ್ತದೆ. ಟ್ರೋಪೊನಿನ್ ಟಿಯ ಈ ಬದಲಾಗುವ ತುದಿಗೂ ಆಮ್ಲವನ್ನು ತಾಳಿಕೊಳ್ಳುವ ಶಕ್ತಿಗೂ ಸಂಬಂಧ ಇದೆ ಎಂದು ಅವರು ತೋರಿಸಿದರು. ಬಿಳಿ ಎದೆಯ ಕೆಲಸ ನೋಡಿದರೆ ಇದು ಹೊಂದುತ್ತದೆ. ಪಶ್ಚಿಮ ಘಟ್ಟದ ಕಾಡುಕೋಳಿ ಪೊದೆಯಿಂದ ಚಿಮ್ಮಿ ಏಳುವುದನ್ನು ನೋಡಿದ್ದರೆ ಗೊತ್ತಿರುತ್ತದೆ. ಕೆಲವೇ ಕ್ಷಣದ ಕೆಲಸ, ಆದರೆ ಆ ಕ್ಷಣದಲ್ಲಿ ಎದೆಯಲ್ಲಿ ಆಮ್ಲ ಏರುವುದು ಜಾಸ್ತಿ. ಇದಲ್ಲದೆ ಆ ಭಾಗ ಕ್ಯಾಲ್ಸಿಯಂ ಕೂಡ ಹಿಡಿಯಬಲ್ಲದು, ಕ್ಯಾಲ್ಸಿಯಂ ಕೂಡಿಡುವ ಕೆಲಸ ಮಾಡುತ್ತಿರಬಹುದು ಎಂಬ ವಾದವೂ ಬಂದಿದೆ.

ನನ್ನ ಅಭಿಪ್ರಾಯ ಕೇಳಿದರೆ, ಆಮ್ಲದ ವಿವರಣೆ ನನಗೆ ಹೆಚ್ಚು ಒಪ್ಪಿಗೆ. ಆದರೂ ಜೀವದಲ್ಲಿ ಕಂಡದ್ದಕ್ಕೆಲ್ಲ ಒಂದು ಉಪಯೋಗ ಇರಲೇಬೇಕು ಎಂದು ಹಠ ಹಿಡಿಯಬಾರದು. ಟ್ರೋಪೊನಿನ್ ಟಿಯ ಈ ತುದಿ ಮುಖ್ಯ ಕೊಂಡಿಗಳಿಂದ ದೂರ ಇದೆ. ಅಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೂ ಪ್ರೋಟೀನ್ ಕೆಲಸ ನಿಲ್ಲುವುದಿಲ್ಲ. ಅಂಥ ಜಾಗದಲ್ಲಿ ಬದಲಾವಣೆಗಳು ಸುಮ್ನೆ ಸೇರಿಕೊಂಡು, ಆಮೇಲೆ ಉಪಯೋಗಕ್ಕೆ ಬಂದಿರಲೂಬಹುದು.

ಒಂದು ವಿಷಯ ನಿಮಗೆ ಖುಷಿ ಕೊಡಬಹುದು. ಮರಿ ಮೊಟ್ಟೆಯಿಂದ ಹೊರಗೆ ಬರುವಾಗ ಅದರ ಎದೆಯಲ್ಲಿ ಈ ದೊಡ್ಡ ರೂಪ ಇನ್ನೂ ಬಂದಿರುವುದಿಲ್ಲ. ಆಗ ಅಲ್ಲಿರುವುದು ಪಿ ಎಕ್ಸಾನ್ ಬಿಟ್ಟ ಸಣ್ಣ ರೂಪ. ಮೊಟ್ಟೆಯೊಡೆದ ನಂತರದ ವಾರಗಳಲ್ಲಿ ಎದೆ ನಿಧಾನಕ್ಕೆ ಪಿ ಎಕ್ಸಾನ್‌ಗಳನ್ನು ಸೇರಿಸಿಕೊಳ್ಳಲು ಶುರು ಮಾಡುತ್ತದೆ. ಜೀನು ಬದಲಾಗಿಲ್ಲ, ಆಯ್ಕೆ ಬದಲಾಗಿದೆ, ಅಷ್ಟೇ.

ಹೃದಯದಲ್ಲೂ ಇಂಥದ್ದೇ ಇದೆ. ಕೋಳಿಯ ಹೃದಯದ ಟ್ರೋಪೊನಿನ್ ಟಿ ಜೀನಿನಲ್ಲಿ 30 ಅಕ್ಷರಗಳ ಒಂದು ಪುಟ್ಟ ಎಕ್ಸಾನ್ ಇದೆ. ಮೂರು ಅಕ್ಷರಕ್ಕೆ ಒಂದು ಅಮಿನೊ ಆಮ್ಲ, ಹಾಗಾಗಿ ಅದು ಸೇರಿದರೆ ಪ್ರೋಟೀನಿಗೆ ಹತ್ತು ಅಮಿನೊ ಆಮ್ಲ ಜಾಸ್ತಿ, ಬಿಟ್ಟರೆ ಹತ್ತು ಕಡಿಮೆ. 30 ಮೂರರಿಂದ ಭಾಗವಾಗುವ ಸಂಖ್ಯೆ ಆದ್ದರಿಂದ ಮುಂದಿನ ಬರಹ ಕೆಡುವುದಿಲ್ಲ. ಭ್ರೂಣದ ಹೃದಯ ಅದನ್ನು ಸೇರಿಸಿಕೊಳ್ಳುತ್ತದೆ, ಬೆಳೆದ ಕೋಳಿಯ ಹೃದಯ ಬಿಟ್ಟುಬಿಡುತ್ತದೆ. ಇದನ್ನು 1985ರಲ್ಲಿ ಕೂಪರ್ ಮತ್ತು ಓರ್ಡಾಲ್ ತೋರಿಸಿದರು. ಈ ಪುಟ್ಟ ಎಕ್ಸಾನಿನ ಬೆನ್ನು ಹತ್ತಿ ಹೋದ ಕೆಲಸ ಕೊನೆಗೆ ಮನುಷ್ಯರ ಕಾಯಿಲೆಗೆ ತಲುಪಿತು. ಮಯೋಟಾನಿಕ್ ಡಿಸ್ಟ್ರೋಫಿ ಎಂಬ ಸ್ನಾಯು ಕಾಯಿಲೆಯಲ್ಲಿ ಸ್ಪ್ಲೈಸಿಂಗ್ ನಿಯಂತ್ರಿಸುವ ಪ್ರೋಟೀನ್‌ಗಳ ಲೆಕ್ಕ ತಪ್ಪುತ್ತದೆ, ದೊಡ್ಡವರ ಸ್ನಾಯು ಭ್ರೂಣದ ಕಾಲದ ರೂಪಗಳನ್ನು ಮಾಡಲು ಶುರು ಮಾಡುತ್ತದೆ. ಟರ್ಕಿ ಕೋಳಿಗಳಲ್ಲೂ ಹೃದಯ ಹಿಗ್ಗುವ ಒಂದು ವಂಶಪಾರಂಪರ್ಯ ಕಾಯಿಲೆ ಇದೆ. ಅಲ್ಲಿ ಬಿಡಬಾರದ ಒಂದು ಎಕ್ಸಾನನ್ನು ಬಿಟ್ಟ ಟ್ರೋಪೊನಿನ್ ಟಿ ಸಿಗುತ್ತದೆ ಎಂದು 2002ರಲ್ಲಿ ಗೊತ್ತಾಯಿತು.

ಬೇರೆ ಸ್ನಾಯು ಪ್ರೋಟೀನ್‌ಗಳ ಬಗ್ಗೆ ಚುಟುಕಾಗಿ. ಟ್ರೋಪೊಮಯೋಸಿನ್‌ನ ಒಂದು ಜೀನಿನಲ್ಲಿ 6ಎ, 6ಬಿ ಎಂಬ ಎರಡು ಎಕ್ಸಾನ್‌ಗಳಿದ್ದು, ಸ್ನಾಯು ಆಗುವ ಮುಂಚಿನ ಜೀವಕೋಶ 6ಎ ಆರಿಸುತ್ತದೆ, ಬೆಳೆದ ಸ್ನಾಯು 6ಬಿ ಆರಿಸುತ್ತದೆ. ಮಯೋಸಿನ್‌ಗೆ ಅಂಟಿಕೊಂಡಿರುವ ಪುಟ್ಟ ಭಾಗಗಳಾದ ಹಗುರ ಸರಪಳಿಗಳಲ್ಲಿ ಎರಡು ಒಂದೇ ಜೀನಿನಿಂದ ಬರುತ್ತವೆ ಎಂದು 1984ರಲ್ಲಿ ಗೊತ್ತಾಯಿತು. ಅಲ್ಲಿ ಆರ್‌ಎನ್‌ಎ ಪ್ರತಿ ಶುರುವಾಗುವ ಜಾಗವೇ ಎರಡು.

ಆದರೆ ಮಯೋಸಿನ್‌ನ ಭಾರೀ ಸರಪಳಿ, ಅಂದರೆ ನಿಜವಾಗಿ ಜಗ್ಗುವ ಭಾಗ, ಹಾಗಲ್ಲ. ಕೋಳಿಯಲ್ಲಿ ಭ್ರೂಣಕ್ಕೆ ಒಂದು, ಮರಿಗೆ ಒಂದು, ಬೆಳೆದ ಕೋಳಿಗೆ ಒಂದು ಎಂದು ಬೇರೆ ಬೇರೆ ಜೀನ್‌ಗಳೇ ಇವೆ. ಹಣ್ಣಿನ ನೊಣದಲ್ಲಿ ಇದು ಉಲ್ಟಾ. ಅದಕ್ಕೆ ಈ ಕೆಲಸಕ್ಕೆ ಇರುವುದು ಒಂದೇ ಜೀನು, ಸ್ಪ್ಲೈಸಿಂಗ್‌ನಿಂದ 480 ಬಗೆ ಮಾಡಲು ಅವಕಾಶ. ಇದಕ್ಕೇ ನಾನು ಎಲ್ಲದಕ್ಕೂ ಸ್ಪ್ಲೈಸಿಂಗ್ ಕಾರಣ ಎನ್ನುವವರನ್ನು ಒಪ್ಪುವುದಿಲ್ಲ. ಜೀವಿಗೆ ದಾರಿಗಳು ಎರಡೂ ಗೊತ್ತು. ಯಾವುದಕ್ಕೆ ಯಾವ ದಾರಿ ಹಿಡಿದಿದೆ ಎಂದು ಒಂದೊಂದಾಗಿಯೇ ನೋಡಬೇಕು.

ಇನ್ನು ಊರ ಕೋಳಿ, ಬ್ರಾಯ್ಲರ್. ಎರಡೂ ಒಂದೇ ಜಾತಿ, ಗಿರಿರಾಜ ಕೂಡ ಅದೇ. ಎದೆಯಲ್ಲಿ ಪಿ ಎಕ್ಸಾನ್ ಸೇರಿಸಿಕೊಳ್ಳುವುದು ಇಡೀ ಕೋಳಿ ಗಣದ ಗುಣ. ಕೋರಿ ರೊಟ್ಟಿಗೆ ಊರ ಕೋಳಿಯೇ ಬೇಕು ಎನ್ನುವವರು ಹೇಳುವ ವ್ಯತ್ಯಾಸ ಬರುವುದು ವಯಸ್ಸಿನಿಂದ, ಓಡಾಟದಿಂದ, ತಿನ್ನುವುದರಿಂದ. ವಯಸ್ಸಾದಂತೆ ಸ್ನಾಯುವಿನ ಸುತ್ತ ಇರುವ ಕೊಲಾಜನ್ ಗಟ್ಟಿಯಾಗಿ ಹೆಣೆದುಕೊಳ್ಳುತ್ತದೆ, ಬೇಯಲು ಹೊತ್ತು ಹಿಡಿಯುತ್ತದೆ. ಬ್ರಾಯ್ಲರ್ ಸುಮಾರು ಆರು ವಾರಕ್ಕೇ ನಿಮ್ಮ ಅಂಗಡಿಗೆ ಬಂದಿರುತ್ತದೆ, ಅದಕ್ಕೆ ಗಟ್ಟಿಯಾಗಲು ಪುರುಸೊತ್ತೆಲ್ಲಿ? ದೊಡ್ಡ ಬ್ರಾಯ್ಲರ್‌ನ ಎದೆಯಲ್ಲಿ ಕೆಲವೊಮ್ಮೆ ಕಾಣುವ ಬಿಳಿ ಗೆರೆಗಳಿಗೂ ಸ್ಪ್ಲೈಸಿಂಗ್‌ನ ಈ ಆಯ್ಕೆಗೂ ಸಂಬಂಧ ಇಲ್ಲ. ಬಹಳ ಬೇಗ ಬೆಳೆದ ಸ್ನಾಯುವಿನಲ್ಲಿ ಎಳೆಗಳು ಹಾಳಾಗಿ, ಆ ಜಾಗದಲ್ಲಿ ಕೊಬ್ಬು, ನಾರು ತುಂಬಿಕೊಂಡದ್ದು ಅದು.

ಮಗಳ ಪ್ರಾಜೆಕ್ಟ್‌ಗೆ ಇದು ಧಾರಾಳ ಆಗುತ್ತದೆ, ನಿಮ್ಮ ಅಂಗಡಿಯೇ ಅರ್ಧ ಲ್ಯಾಬು. ಆದರೆ ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಪಟ್ಟಿಗಳಾಗಿ ಬೇರ್ಪಡಿಸುವ ಜೆಲ್ ಓಡಿಸುವುದು ಬೇಡ. ಎದೆಯ ಟ್ರೋಪೊನಿನ್ ಟಿ ಗಾತ್ರದಲ್ಲಿ ಟ್ರೋಪೊಮಯೋಸಿನ್‌ಗೆ ಹತ್ತಿರ. ಸಾಮಾನ್ಯ ಬಣ್ಣ ಹಾಕಿದರೆ ಎರಡೂ ಪಟ್ಟಿ ಒಂದರ ಹತ್ತಿರ ಒಂದು ಬಂದು ಯಾವುದು ಯಾವುದೆಂದು ಗೊತ್ತಾಗುವುದಿಲ್ಲ. ಪ್ರತಿಕಾಯ ಬಳಸಿ ಗುರುತಿಸಬೇಕು, ಅದಕ್ಕೆ ಖರ್ಚು ಜಾಸ್ತಿ. ಆರ್‌ಎನ್‌ಎ ಹಾದಿಯೇ ಒಳ್ಳೆಯದು. ಎದೆ ಮತ್ತು ತೊಡೆಯಿಂದ ಕಡಲೆಕಾಳಿನಷ್ಟು ತುಂಡು ತೆಗೆದು ಆರ್‌ಎನ್‌ಎ ಬೇರ್ಪಡಿಸಿ, ಅದರಿಂದ ಡಿಎನ್‌ಎ ಪ್ರತಿ ಮಾಡಿ, ಬೇಕಾದ ಭಾಗವನ್ನಷ್ಟೇ ಲಕ್ಷಗಟ್ಟಲೆ ಪ್ರತಿ ಮಾಡುವ ಪಿಸಿಆರ್ ಮಾಡಲಿ. ಆ ಭಾಗದ ಎರಡು ತುದಿ ಗುರುತಿಸುವ ಪುಟ್ಟ ಡಿಎನ್‌ಎ ತುಂಡುಗಳಾದ ಪ್ರೈಮರ್‌ಗಳನ್ನು ಬದಲಾಗುವ ಎಕ್ಸಾನ್‌ಗಳ ಆಚೆ ಈಚೆ, ಎಲ್ಲ ರೂಪದಲ್ಲೂ ಇರುವ ಎಕ್ಸಾನ್‌ಗಳ ಮೇಲೆ ಕೂರಿಸಬೇಕು. ಬಂದದ್ದನ್ನು ಡಿಎನ್‌ಎ ಜೆಲ್‌ನಲ್ಲಿ ಓಡಿಸಿದರೆ ಎದೆಯ ಪಟ್ಟಿ ಉದ್ದದ ತುಂಡಿನದ್ದಾಗಿ ಬರಬೇಕು, ತೊಡೆಯದ್ದು ಗಿಡ್ಡ ತುಂಡಿನದ್ದು. ಜೊತೆಗೆ ಅದೇ ಕೋಳಿಯ ಎದೆ, ತೊಡೆ ಎರಡರಿಂದಲೂ ಡಿಎನ್‌ಎ ತೆಗೆದು ಪಿ ಎಕ್ಸಾನ್ ಇರುವ ಭಾಗಕ್ಕೆ ಪಿಸಿಆರ್ ಮಾಡಿದರೆ ಎರಡರಲ್ಲೂ ಒಂದೇ ಪಟ್ಟಿ ಬರಬೇಕು. ಡಿಎನ್‌ಎಗೆ ರಕ್ತ ತೆಗೆದುಕೊಂಡರೂ ಆಗುತ್ತದೆ. ಹಕ್ಕಿಗಳ ಕೆಂಪು ರಕ್ತಕಣದಲ್ಲಿ ನಮ್ಮದರ ಹಾಗಲ್ಲ, ಕೋಶಕೇಂದ್ರ ಇರುತ್ತದೆ, ಒಂದು ಹನಿಯಲ್ಲಿ ಬೇಕಾದಷ್ಟು ಡಿಎನ್‌ಎ ಸಿಗುತ್ತದೆ.

ತೊಂದರೆ ಕೊಡುವುದು ಆರ್‌ಎನ್‌ಎ. ಅದು ಬೇಗ ಒಡೆಯುತ್ತದೆ, ಅದನ್ನು ಒಡೆಯುವ ಕಿಣ್ವ ನಮ್ಮ ಕೈಬೆರಳಲ್ಲೇ ಇರುತ್ತದೆ. ಹಾಗಾಗಿ ಗ್ಲೌಸ್ ಹಾಕಿ, ಕೊಯ್ದ ತಕ್ಷಣ ತುಂಡು ತೆಗೆದು, ಕಾಲೇಜಿನಿಂದ ಮೊದಲೇ ತಂದಿಟ್ಟ ಆರ್‌ಎನ್‌ಎ ಕಾಪಾಡುವ ದ್ರಾವಣದಲ್ಲಿ ಮುಳುಗಿಸಿ ಐಸ್ ಮೇಲೆ ಇಡಲಿ. ಬೆಳಿಗ್ಗೆ ಕೊಯ್ದು ಮಧ್ಯಾಹ್ನದವರೆಗೆ ಕೌಂಟರಿನಲ್ಲಿದ್ದ ಮಾಂಸ ಇದಕ್ಕೆ ಆಗುವುದಿಲ್ಲ. ಹೃದಯದ ಒಂದು ತುಂಡನ್ನೂ ತೆಗೆದುಕೊಳ್ಳಲಿ. ಅಲ್ಲಿ ಬಳಕೆಯಲ್ಲಿರುವುದು ಬೇರೆ ಜೀನು, ಆದ್ದರಿಂದ ವೇಗದ ಸ್ನಾಯುವಿನ ಪ್ರೈಮರ್‌ಗೆ ಅಲ್ಲಿ ದಪ್ಪ ಪಟ್ಟಿ ಬರಬಾರದು. ಬಂದರೆ ಪ್ರೈಮರ್ ಸರಿ ಇಲ್ಲ, ಇಲ್ಲವೇ ಟ್ಯೂಬು ಅದಲು ಬದಲಾಗಿದೆ. ಹ್ಯಾಚರಿಯವರ ಪರಿಚಯ ಇದ್ದರೆ ತಾನಾಗಿ ಸತ್ತ ಮರಿ ಸಿಕ್ಕಿದ ಕೂಡಲೇ ತಿಳಿಸಲು ಹೇಳಿ. ಅದರ ಎದೆಯ ಪಟ್ಟಿ ತೊಡೆಯದ್ದರ ಹಾಗೆ ಗಿಡ್ಡ ಬರಬೇಕು. ಹಾಗೆ ಬಂದರೆ ಎಕ್ಸ್‌ಟರ್ನಲ್ ಎಕ್ಸಾಮಿನರ್‌ಗೆ ತೋರಿಸಲು ಅಷ್ಟು ಸಾಕು.